ನನ್ನ ಪತ್ನಿಯ ಎಳೆಯ ರಕ್ತಕಣಗಳು ಬಲಿತ ವಿಚಾರ

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಈವರೆಗೆ ಅರ್ಜಿಗಳ ಹೊರತು ಬೇರೇನನ್ನೂ ಬರೆದವನಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಪತ್ನಿಯ ತೋಳುಗಳ ಮೇಲೆ ನೀಲಿ ಕಲೆಗಳು ಕಂಡಾಗ ಮಗ್ಗ ತಗುಲಿ ಆದ ಪೆಟ್ಟೆಂದೇ ಭಾವಿಸಿದೆವು. ಒಸಡಿನ ರಕ್ತ ನಿಲ್ಲದಾದ ದಿನ ಬೆಂಗಳೂರಿನ ಆಸ್ಪತ್ರೆಗೆ ದಾಖಲಿಸಲಾಯಿತು. ಅದು ಒಂದು ಬಗೆಯ ರಕ್ತದ ಕ್ಯಾನ್ಸರ್ ಎಂದು ಮೂಳೆಮಜ್ಜೆಯ ಪರೀಕ್ಷೆಯಿಂದ ತಿಳಿದುಬಂತು. ಎಳೆಯ ಬಿಳಿ ರಕ್ತಕಣಗಳು ಬಲಿಯದೆ ಅರ್ಧದಲ್ಲೇ ನಿಂತು ಮಜ್ಜೆಯ ತುಂಬ ಕಿಕ್ಕಿರಿದಿದ್ದವು. ಡ್ರಿಪ್‌ನ ಔಷಧಿಯ ಜೊತೆಗೆ, ಎ ಜೀವಸತ್ವದ ಬಳಗಕ್ಕೆ ಸೇರಿದ ಮಾತ್ರೆಗಳನ್ನು ಆರಂಭಿಸಿದರು.

"ಈ ಮಾತ್ರೆ ಆ ಕಣಗಳನ್ನ ಕೊಲ್ಲೋಕಲ್ಲ, ಬೆಳೆಸೋಕೆ. ಬೆಳೆದ್ಮೇಲೆ ಆಯಸ್ಸು ಮುಗಿಸ್ಕೊಂಡು ತಾವಾಗೇ ಹೋಗ್ತವೆ" ಎಂದರು ವೈದ್ಯೆ. ಊಟದ ಜೊತೆಗೇ ನುಂಗಬೇಕೆಂದೂ ತಿಳಿಸಿದ್ದರು.

ಕಾಯಿಲೆಯವರಿಗೆ ಜಿಡ್ಡು ಮುಟ್ಟಿಸಬಾರದೆಂಬುದು ನನ್ನ ತಾಯಿಯವರ ಪಥ್ಯ. ಪ್ರತಿದಿನ ಬಸ್ಸಿನಲ್ಲಿ ಕ್ಯಾರಿಯರ್ ತುಂಬ ಬರೀ ರಾಗಿ ಅಂಬಲಿ ತರುತ್ತಿದ್ದರು. ಆಸ್ಪತ್ರೆಯಿಂದ ಕೊಡುತ್ತಿದ್ದ ಊಟವನ್ನು ನಾನೇ ಸೇವಿಸುತ್ತಿದ್ದೆನೆಂಬುದನ್ನು ಮುಚ್ಚಿಡಲಾರೆ.

ಐದನೆಯ ದಿನ ವೈದ್ಯೆಯವರು ಸದರಿ ಕ್ಯಾರಿಯರ್ ತೆರೆದು ನೋಡಿದರು. ಊಟದಲ್ಲಿ ಜಿಡ್ಡಿದ್ದರೆ ಮಾತ್ರೆ ಚೆನ್ನಾಗಿ ರಕ್ತಕ್ಕೆ ಸೇರುವುದೆಂದೂ, ಬರೀ ಅಂಬಲಿಯ ಜೊತೆ ನುಂಗಿದರೆ ಬಹುಪಾಲು ವ್ಯರ್ಥವಾಗಬಹುದೆಂದೂ ತಿಳಿಸಿದರು. ಐದು ದಿನ ನಾವೇ ಆಕೆಯ ಔಷಧಿಗೆ ಅಡ್ಡ ನಿಂತೆವೇ ಎಂದು ದಿಗಿಲಾಗಿ, ಅಂದಿನ ಆಸ್ಪತ್ರೆಯ ಊಟವನ್ನು ಪತ್ನಿಯ ಮುಂದಿಟ್ಟೆ. ತಾಯಿಯವರು ಮಾತ್ರ ಒಪ್ಪಲಿಲ್ಲ.

"ಬಾಯಲ್ಲಿ ಹೇಳಿದ್ರೆ ಆಗಕಿಲ್ಲ ಕಣಮ್ಮ. ಚೀಟೀಲಿ ಬರ್ಕೊಡಿ" ಎಂದರು.

ವೈದ್ಯೆಯವರು ನಗದೆ "ಊಟಕ್ಕೆ ತುಪ್ಪ ಹಾಕುವುದು" ಎಂದು ಬರೆದು ಸಹಿ ಮಾಡಿದರು. ಮರುದಿನದ ಕ್ಯಾರಿಯರಿನಲ್ಲಿ ತುಪ್ಪದನ್ನ ಬಂತು.

ಮುಂದಿನ ವಾರಗಳಲ್ಲಿ ಜ್ವರ ಬಂದು ಇಳಿಯಿತು, ಕಲೆಗಳು ಮಾಸಿದವು. ಎರಡನೆಯ ಬಾರಿಯ ಮಜ್ಜೆಯ ವರದಿಯನ್ನು ನನಗೆ ಓದಲಾಗದೆ ವೈದ್ಯೆಯವರ ಕೈಗೇ ಕೊಟ್ಟೆ. ಕೆಟ್ಟ ಎಳೆಯ ಕಣಗಳು ಕಾಣುತ್ತಿಲ್ಲವೆಂದರು. ನಾನು ಅಲ್ಲಿಯೇ ಕುಳಿತುಬಿಟ್ಟೆ. ಅಷ್ಟು ಹಗುರವಾಗಿ ನಾನು ಹಿಂದೆಂದೂ ಕುಳಿತವನಲ್ಲ.

ತರುವಾಯದ ಚಿಕಿತ್ಸೆಯೂ ಮುಗಿದು ಪತ್ನಿ ಈಗ ಮಗ್ಗಕ್ಕೆ ಮರಳಿದ್ದಾಳೆ. ಚೀಟಿಯು ತುಪ್ಪದ ಡಬ್ಬಿಯ ಕೆಳಗಿದೆ. ಮೊನ್ನೆ ಊಟಕ್ಕೆ ಕುಳಿತಾಗ ಆಕೆ ತಟ್ಟೆಗೆ ಕೈ ಅಡ್ಡ ಹಿಡಿದಳು.

"ಮಾತ್ರೆ ಮುಗೀತಲ್ಲ ಅತ್ತೆ, ಇನ್ನೂ ಯಾಕೆ ಸುರೀತೀರ?"

"ಎಷ್ಟು ದಿನ ಅಂತ ಚೀಟೀಲಿ ಬರೆದಿಲ್ಲ. ಕೈ ತೆಗಿ" ಎಂದರು ತಾಯಿಯವರು.