ಮೆಗ್ಗಕ್ಕನ ಹಾಡು ಮುಗಿದ ಮಧ್ಯಾಹ್ನ

ನಮ್ಮಕ್ಕ ಮೆಗ್ ಮಹಾ ಹಟಮಾರಿ. ಒಡಹುಟ್ಟಿದವಳೆಂದು ಮುಚ್ಚಿಟ್ಟು ಹೇಳುವ ಜಾಯಮಾನ ನನ್ನದಲ್ಲ. ಕನ್ನೆಮಾರಾ ಎಂಬ ನಮ್ಮ ಕರಾವಳಿಯಲ್ಲಿ ಯಾರನ್ನೇ ಕೇಳಿ, ‘ಕೋಲಮ್‌ನ ಮಗಳು ಮೆಗ್ಗಾ? ಬಂಡೆಗಲ್ಲನ್ನಾದರೂ ಒಪ್ಪಿಸಬಹುದು’ ಎನ್ನುತ್ತಾರೆ. ಮೀನಿನ ಕಾರ್ಖಾನೆಯಲ್ಲಿ ಏಡಿ ಸುಲಿದು ಸುಲಿದು ಅವಳ ಬೆರಳ ತುದಿಗಳು ಮರಗಟ್ಟಿಹೋಗಿದ್ದವು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ‘ಏಡಿ ವಾಸನೆ ತಡೆಯೋ ಗಂಡು ಇನ್ನೂ ಹುಟ್ಟಿಲ್ಲ’ ಎನ್ನುತ್ತಿದ್ದಳು. ಆದರೆ ಅದೇ ಹೆಂಗಸು ಯಾರದಾದರೂ ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿ ಕೂತು ದನಿ ತೆಗೆದಳೆಂದರೆ, ಗಂಡಸರು ಕುಡಿಯುತ್ತಿದ್ದ ಲೋಟವನ್ನು ಸದ್ದಾಗದಂತೆ ಕೆಳಗಿಡುತ್ತಿದ್ದರು. ಪಕ್ಕವಾದ್ಯ ಇಲ್ಲ, ತಾಳ ಇಲ್ಲ, ಬರೀ ಗಂಟಲು. ದೇವರಾಣೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಎರಡು ಸ್ವರ ಒಟ್ಟಿಗೆ ನಿಲ್ಲುವುದಿಲ್ಲ.

ಅವಳ ಬಳಿ ಇದ್ದ ಹಾಡುಗಳಲ್ಲಿ ಒಂದು ನಮ್ಮ ಮನೆಯದೇ. ನಮ್ಮ ಮುತ್ತಜ್ಜಿಯ ಮೂವರು ಗಂಡುಮಕ್ಕಳು ಒಲೆಗೆ ಉರಿಸುವ ಒಣ ಜೌಗುಮಣ್ಣಿನ ಹೆಂಟೆ ತುಂಬಿಕೊಂಡು ಎದುರಿನ ದ್ವೀಪಕ್ಕೆ ದೋಣಿ ಬಿಟ್ಟವರು ಹಿಂದಿರುಗಲಿಲ್ಲ. ಆ ತಾಯಿ ಕಟ್ಟಿದ ಹಾಡು ಅದು. ಅವಳಿಂದ ಅಜ್ಜಿಗೆ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮೆಗ್‌ಗೆ ಬಂತು. ಅದಕ್ಕೊಂದು ಕಟ್ಟುಪಾಡು: ಶುರು ಮಾಡಿದರೆ ಮುಗಿಸಲೇಬೇಕು. ಮಧ್ಯದಲ್ಲಿ ಬಿಟ್ಟರೆ ಆ ಹುಡುಗರನ್ನು ಇನ್ನೊಮ್ಮೆ ನೀರಿಗೆ ಬಿಟ್ಟ ಹಾಗೆ ಎನ್ನುತ್ತಿದ್ದಳು ಅಮ್ಮ. ಮನೆಗೆ ಬೆಂಕಿ ಬಿದ್ದರೂ ಮುಗಿಸಿಯೇ ಏಳಬೇಕು.

ಗಾಲ್ವೇ ಊರಿನ ವಿಶ್ವವಿದ್ಯಾಲಯದಲ್ಲಿ ನಮ್ಮ ಹಾಡು, ಕುಣಿತ, ಕಥೆಗಳ ಮೇಲೆ ಪಾಠ ಹೇಳುವ ಲಸರೀನಾ ಎಂಬ ಹೆಣ್ಣುಮಗಳು ಆ ಹಾಡಿಗಾಗಿ ವರ್ಷಗಟ್ಟಲೆ ನಮ್ಮ ಮನೆಗೆ ಎಡತಾಕಿದಳು. ಒಳ್ಳೆಯ ಹುಡುಗಿ. ಬರುವಾಗಲೆಲ್ಲ ಒಂದು ಕೇಕು ತರುತ್ತಿದ್ದಳು, ಅದು ಯಾವಾಗಲೂ ಸೀದಿರುತ್ತಿತ್ತು.

‘ಮೆಗ್ಗಮ್ಮಾ, ಒಂದೇ ಸಲ ರೆಕಾರ್ಡ್ ಮಾಡ್ಕೊಳ್ತೀನಿ, ಮಕ್ಕಳು ಕಲೀತಾರೆ’ ಎಂದರೆ ಮೆಗ್ ಕಡ್ಡಿ ಮುರಿದಂತೆ ಹೇಳುತ್ತಿದ್ದಳು: ‘ಡಬ್ಬೀಲಿ ತುಂಬಿ ಮುಚ್ಚಳ ಹಾಕೋಕೆ ಇದೇನು ಮೀನೇನಮ್ಮಾ? ಜೀವಮಾನವೆಲ್ಲ ಅದನ್ನೇ ಮಾಡಿದೀನಿ. ಹಾಡನ್ನ ಹಾಗೆ ಮಾಡಲ್ಲ. ಟೀ ಕುಡಿ.’

ಒಂದು ಚಳಿಗಾಲ ಮೆಗ್‌ಳ ದನಿ ಒಡೆಯಿತು. ನೆಗಡಿ ಎಂದಳು. ವಸಂತ ಬಂದರೂ ನೆಗಡಿ ಹೋಗಲಿಲ್ಲ. ಕೊನೆಗೆ ನಾನೇ ಬೈದು ಎಳೆದುಕೊಂಡು ಹೋದೆ. ಗಂಟಲಲ್ಲಿ ಗಡ್ಡೆ. ಡಾಕ್ಟರು ಮೃದುವಾಗಿಯೇ ಹೇಳಿದರು: ಜೀವ ಉಳಿಯುತ್ತದೆ, ದನಿಪೆಟ್ಟಿಗೆ ತೆಗೆಯಬೇಕು. ಮೆಗ್ ಕೇಳಿದ್ದು ಒಂದೇ ಪ್ರಶ್ನೆ, ‘ಯಾವತ್ತು?’ ಸೋಮವಾರ ಎಂದರು.

ಮನೆಗೆ ಬಂದವಳೇ ಕೋಟು ಕೂಡ ಬಿಚ್ಚದೆ ಲಸರೀನಾಗೆ ಫೋನು ಮಾಡಿದಳು. ‘ಶುಕ್ರವಾರ ನಿಮ್ಮಲ್ಲಿ ಏನೋ ಭಾಷಣ ಇದೆ ಅಂದಿದ್ಯಲ್ಲ, ಬರ್ತೀನಿ. ಹಾಡ್ತೀನಿ.’

ನನಗೆ ಪಿತ್ತ ನೆತ್ತಿಗೇರಿತು. ‘ಬುದ್ಧಿ ಇದೆಯೇನೇ ಅಕ್ಕಾ? ಪಿಸುಗುಟ್ಟಲೂ ಬೇಡ ಅಂದಿದಾರೆ ಡಾಕ್ಟರು. ನಡುವೆ ದನಿ ಕೈಕೊಟ್ರೆ? ಅಷ್ಟೊಂದು ಜನರ ಮುಂದೆ? ಆ ಹಾಡನ್ನ ಅರ್ಧಕ್ಕೆ ನಿಲ್ಲಿಸಿ ಹೋಗ್ತೀಯಾ ಆಸ್ಪತ್ರೆಗೆ?’

‘ಅದಕ್ಕೇ ಕಣೇ ಸೊರ್ಖಾ’ ಎಂದಳು. ‘ಸೋಮವಾರ ಆದಮೇಲೆ ಪೂರ್ತಿಯೂ ಇಲ್ಲ, ಅರ್ಧವೂ ಇಲ್ಲ.’

ನಾನು ಎದ್ದು ಅವಳ ಒಳ್ಳೆಯ ಸ್ಕರ್ಟಿಗೆ ಇಸ್ತ್ರಿ ಹಾಕಲು ಹೋದೆ.

ಶುಕ್ರವಾರ ಮಧ್ಯಾಹ್ನ ವಿಶ್ವವಿದ್ಯಾಲಯದ ಸಭಾಂಗಣ ಕಿಕ್ಕಿರಿದಿತ್ತು. ಎಲ್ಲೆಲ್ಲಿಯ ಮಕ್ಕಳೋ! ಜಪಾನಿನ ಹುಡುಗಿ ಪಿಟೀಲನ್ನು ಮಗುವಿನಂತೆ ಅಪ್ಪಿಕೊಂಡು ಕೂತಿದ್ದಳು. ಅಮೆರಿಕದ ಹುಡುಗರು ಮೆಟ್ಟಿಲ ಮೇಲೆ ಕಾಲು ಮಡಚಿಕೊಂಡಿದ್ದರು. ಮೊದಲು ದ್ವೀಪದ ಕುಣಿತಗಾರನೊಬ್ಬ ಕೀಲಿನಿಂದ ಬಿಚ್ಚಿ ತಂದ ಹಳೆಯ ಬಾಗಿಲನ್ನು ನೆಲಕ್ಕೆ ಹಾಕಿ, ಅದರ ಮೇಲೆ ಕುಣಿದು ಹಿಮ್ಮಡಿ ಮುಂಗಾಲಲ್ಲೇ ಅದನ್ನು ಮಾತಾಡಿಸಿದ. ಸೊಂಟದ ಮೇಲೆ ಏನೂ ಅಲ್ಲಾಡಲಿಲ್ಲ, ಕೆಳಗೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಆಮೇಲೆ ಲಸರೀನಾ ಸತ್ತವರಿಗಾಗಿ ಹೆಂಗಸರು ಕಟ್ಟಿದ ಹಾಡುಗಳ ಬಗ್ಗೆ ಮಾತಾಡಿದಳು. ಓದಿದವರ ಮಾತು ತಲೆಯ ಮೇಲೆ ಹಾರಿಹೋಗುತ್ತದೆ ಎಂದುಕೊಂಡಿದ್ದೆ. ಇಲ್ಲ. ‘ಹೆಣ ಸಿಗದ ತಾಯಿಗೆ ಹಾಡೇ ಸಮಾಧಿ’ ಎಂದಳು. ಹತ್ತಾರು ಸಲ ಸೀದ ಕೇಕು ತಂದ ಆ ಹುಡುಗಿಯನ್ನು ನಾನು ಅಂದು ಬೇರೆ ಕಣ್ಣಿನಲ್ಲಿ ನೋಡಿದೆ.

ಮೆಗ್ ವೇದಿಕೆ ಹತ್ತಿದಳು. ನಡುವೆ ಒಂದು ಕುರ್ಚಿ, ಎದುರಿಗೊಂದು ಮೈಕು, ಮೇಲಿಂದ ದೀಪ. ಮೊದಲು ಮಾಡಿದ ಕೆಲಸವೆಂದರೆ ಕುರ್ಚಿಯನ್ನು ಎತ್ತಿ ಗೋಡೆಯ ಕಡೆ ತಿರುಗಿಸಿದ್ದು. ಮೈಕಿನವನು ಓಡಿ ಬಂದ.

‘ಅಮ್ಮಾ, ಜನ ಆ ಕಡೆ ಇದಾರೆ.’

‘ನನ್ನ ಮೂತಿ ನೋಡೋಕೆ ಬಂದಿದಾರೋ, ಹಾಡು ಕೇಳೋಕೆ ಬಂದಿದಾರೋ?’

ಸಭೆಯೆಲ್ಲ ನಕ್ಕಿತು. ಅವನು ಮೈಕನ್ನೂ ತೆಗೆದುಕೊಂಡು ಹೋಗಲು ನೋಡಿದ. ಮೆಗ್ ತಡೆದಳು. ‘ಅದಿರಲಿ ಬಿಡಪ್ಪಾ. ಇವತ್ತೊಂದಿನ ಮೀನು ಅಂತಲೇ ಅಂದ್ಕೋ.’ ಲಸರೀನಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಮೆಗ್ ಕೂತಳು. ಹಾಡು ಬರಲಿಲ್ಲ. ಜನ ಕಾದರು. ಅವಳ ಬಲಗೈ ತೊಡೆಯ ಮೇಲಿಂದ ಸ್ವಲ್ಪ ಎದ್ದು, ಪಕ್ಕದಲ್ಲಿ ಏನನ್ನೋ ಹುಡುಕಿ, ಮತ್ತೆ ಬಿತ್ತು. ನನಗೆ ಆಗ ಹೊಳೆಯಿತು. ನಮ್ಮ ಮನೆಗಳಲ್ಲಿ ಯಾರೂ ಒಂಟಿಯಾಗಿ ಹಾಡುವುದಿಲ್ಲ. ಪಕ್ಕದಲ್ಲಿ ಕೂತವರು, ಯಾರೇ ಆಗಿರಲಿ, ಹಾಡುವವರ ಕೈ ಹಿಡಿದು ನೂಲಿನ ಉಂಡೆ ಸುತ್ತುವ ಹಾಗೆ ಮೆಲ್ಲಗೆ ಸುತ್ತಿಸುತ್ತಿರುತ್ತಾರೆ. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ವೇದಿಕೆಯ ಮೇಲೆ ಎರಡನೆಯ ಕುರ್ಚಿ ಬೇಕೆಂದು ಯಾರಿಗೂ ತೋಚಿರಲಿಲ್ಲ, ಮೆಗ್‌ಗೆ ಕೂಡ. ನಾನು ಎದ್ದೆ. ಯಾರದೋ ಕಾಲು ತುಳಿದೆ. ಕುರ್ಚಿ ಸಿಗದೆ ಹಲಗೆಯ ಮೇಲೇ ಮಂಡಿಯೂರಿ, ಏಡಿ ಸುಲಿದ ಆ ಒರಟು ಕೈಯನ್ನು ಹಿಡಿದುಕೊಂಡೆ.

‘ಬಂದ್ಯಾ ಮಹಾರಾಯ್ತಿ’ ಎಂದು ಗೊಣಗಿ ಶುರು ಮಾಡಿದಳು.

ಹುಟ್ಟಿದಾಗಿನಿಂದ ಕೇಳಿದ ಹಾಡು. ಪಾತ್ರೆ ತೊಳೆಯುತ್ತಾ, ದನಿ ಕೇಳಿ ಮುನಿಸಿಕೊಳ್ಳುತ್ತಾ ಕೇಳಿದ್ದೆ. ಕೈ ಹಿಡಿದು ಕೇಳಿದ್ದು ಅದೇ ಮೊದಲು. ಅಯ್ಯೋ, ಹೇಗೆ ಹೇಳಲಿ? ದನಿ ಒಡೆದಿತ್ತು, ಗೀರು ಬಿದ್ದಿತ್ತು, ಆದರೆ ಹಾಡು ಬರುತ್ತಿದ್ದುದು ಗಂಟಲಿಂದಲ್ಲ. ಭುಜದಿಂದ ಇಳಿದು, ಮಣಿಕಟ್ಟು ದಾಟಿ ನನ್ನ ಅಂಗೈಗೆ ಬರುತ್ತಿತ್ತು. ಒಂದೊಂದು ಸಾಲಿಗೆ ಮೊದಲು ಅವಳ ಬೆರಳು ಬಿಗಿಯುತ್ತಿದ್ದವು, ಸಾಲು ಮುಗಿದಾಗ ಸಡಿಲುತ್ತಿದ್ದವು. ನಾನು ಕೈ ಸುತ್ತಿಸುತ್ತಿದ್ದೇನೋ, ಅವಳೇ ನನ್ನನ್ನು ಸುತ್ತಿಸುತ್ತಿದ್ದಳೋ ತಿಳಿಯಲಿಲ್ಲ. ಈ ಕೈಯನ್ನು ಹೀಗೆಯೇ ಅಮ್ಮ ಹಿಡಿದಿರಬೇಕು, ಅಮ್ಮನ ಕೈಯನ್ನು ಅಜ್ಜಿ, ಅಜ್ಜಿಯ ಕೈಯನ್ನು ಆ ಮೂವರನ್ನು ಹೆತ್ತವಳು. ಸತ್ತವರೆಲ್ಲ ಸಾಲಾಗಿ ನಿಂತು ಕೈ ಕೊಟ್ಟಂತಾಯಿತು. ನನಗೆ ಭಯವಾಯಿತು, ಸಂತೋಷವೂ ಆಯಿತು. ಕೆಳಗೆ ಒಂದು ಕೆಮ್ಮಿಲ್ಲ. ಯಾರೋ ಒಬ್ಬ ಹಿರಿಯರು ಮಾತ್ರ ‘ನೂರ್ಕಾಲ ಬಾಳಮ್ಮಾ’ ಎಂದು ಮೆಲ್ಲಗೆ ಹುರುಪು ಕೊಟ್ಟರು.

ಮೊದಲ ಮಗ ಮುಳುಗಿದ. ಎರಡನೆಯವನು ಅಣ್ಣನ ಕೊರಳಪಟ್ಟಿ ಹಿಡಿಯಲು ಹೋಗಿ ಮುಳುಗಿದ. ಮೂರನೆಯವನಿಗೆ ಬಂದಾಗ ದನಿ ತೆಳ್ಳಗಾಯಿತು. ಹಗ್ಗದ ಎಳೆ ಒಂದೊಂದೇ ಕಿತ್ತುಬರುವುದು ನನಗೆ ಕೈಯಲ್ಲೇ ಗೊತ್ತಾಗುತ್ತಿತ್ತು. ‘ತಡಿ, ತಡಿ, ಇನ್ನೊಂಚೂರು’ ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ಕೊನೆಯ ಚರಣವನ್ನು ತೆವಳಿಕೊಂಡು ದಾಟಿದಳು. ಉಳಿದದ್ದು ಒಂದೇ ಸಾಲು. ನಮ್ಮ ಹಾಡುಗಳ ಕಡೇ ಸಾಲನ್ನು ಹಾಡುವುದಿಲ್ಲ, ಮನೆಮಾತಿನಂತೆ ಸುಮ್ಮನೆ ಹೇಳುತ್ತಾರೆ. ಆಗಲೇ ಹಾಡು ಇಳಿದು ನೆಲಕ್ಕೆ ಬರುವುದು.

ಮೆಗ್ ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಮತ್ತೆ ತೆರೆದಳು. ಇಲ್ಲ.

ಕೆಳಗೆ ಹಿಂದಿನ ಸಾಲಿನಲ್ಲಿ ಯಾರೋ ಹೊಸಬರು ಹಾಡು ಮುಗಿಯಿತೆಂದು ಎರಡು ಚಪ್ಪಾಳೆ ತಟ್ಟಿದರು. ಲಸರೀನಾ ತಿರುಗಿ ನೋಡಿದ ನೋಟಕ್ಕೆ ಆ ಕೈಗಳು ಅಲ್ಲೇ ನಿಂತವು. ಮೆಗ್ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಅಷ್ಟು ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ, ಡಾಕ್ಟರರ ಕೋಣೆಯಲ್ಲೂ ಇಲ್ಲ. ಆದರೆ ಕೈ ನಿಂತಿರಲಿಲ್ಲ. ನನ್ನ ಕೈಯೊಳಗೆ ಅದು ಇನ್ನೂ ಸುತ್ತುತ್ತಲೇ ಇತ್ತು, ಹಾಡು ಇನ್ನೂ ನಡೆದಿದೆ ಎಂಬಂತೆ.

ನಾನು ಹೇಳಿದೆ. ನನ್ನ ಒಡಕು ಬಾಯಲ್ಲಿ, ಮೈಕು ಎಲ್ಲಿದೆಯೆಂದೂ ನೋಡದೆ ಹೇಳಿದೆ:

‘ಬಾಗಿಲಿಗೆ ಅಗಳಿ ಹಾಕಿಲ್ಲ ಮಕ್ಕಳೇ, ಒಲೆಯಲ್ಲಿ ಕೆಂಡ ಇದೆ, ಒಳಗೆ ಬನ್ನಿ.’

ಕೈ ನಿಂತಿತು. ಮೆಗ್ ತಲೆ ತಗ್ಗಿಸಿ ದೊಡ್ಡದಾಗಿ ಉಸಿರು ಬಿಟ್ಟಳು. ಆಮೇಲೆ ಆ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ನಮ್ಮನ್ನು ನೋಡಿ ಎದ್ದದ್ದಲ್ಲ ಅದು. ಯಾರೋ ಒಳಗೆ ಬಂದಾಗ ಎದ್ದು ನಿಲ್ಲುತ್ತಾರಲ್ಲ, ಹಾಗೆ.

ಬಸ್ಸಿನಲ್ಲಿ ಬರುವಾಗ ನನಗೆ ಅಳು ತಡೆಯಲಾಗಲಿಲ್ಲ. ಮೆಗ್ ಕಿಟಕಿಯಾಚೆ ಸಮುದ್ರ ನೋಡುತ್ತಾ ಕೂತಿದ್ದಳು. ಶನಿವಾರ, ಭಾನುವಾರ ಅವಳ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಹೋಯಿತು, ಶುಕ್ರವಾರವೇ ಎಲ್ಲ ಮುಗಿಯಿತು ಎಂದುಕೊಂಡೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಗಾಲಿಮಂಚವನ್ನು ತಳ್ಳಿಕೊಂಡು ಹೋಗುವಾಗ, ಬಾಗಿಲ ಹತ್ತಿರ ನರ್ಸಿನ ತೋಳು ಹಿಡಿದು ನಿಲ್ಲಿಸಿ, ನನ್ನನ್ನು ಬೆರಳಲ್ಲಿ ಕರೆದಳು. ಬಗ್ಗಿದೆ. ಎಲ್ಲಿ ಬಚ್ಚಿಟ್ಟಿದ್ದಳೋ ಆ ಚೂರು ದನಿಯನ್ನು.

‘ನೀನು ಅವಸರ ಮಾಡಿದೆ ಕಣೇ’ ಎಂದಳು. ‘ನಿಧಾನವಾಗಿ ಹೇಳ್ಬೇಕು ಆ ಸಾಲನ್ನ. ದೂರದಿಂದ ಬರ್ತಿದಾರೆ ಅವರು.’

ಅದೇ ನಮ್ಮಕ್ಕ ತನ್ನ ಸ್ವಂತ ದನಿಯಲ್ಲಿ ಆಡಿದ ಕಡೇ ಮಾತು. ಈಗ ನಾನು ನಿಧಾನವಾಗಿಯೇ ಹೇಳುತ್ತೇನೆ.