ಮೇಣ ಹಚ್ಚಿದ ಸೇವಂತಿಗೆ

ನಮ್ಮ ಸೀಮೆ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಸೊರಟೂರಿನವಳಾದ ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಶಿರಹಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಆರು ವರ್ಷ ಆ ಶಾಲೆಗೆ ‘ಅಕ್ಕೋರು’ ಎಂದರೆ ನಾನೊಬ್ಬಳೇ. ಉಳಿದವರೆಲ್ಲ ವಯಸ್ಸಾದ ಮಾಸ್ತರರು. ಹುಡುಗಿಯರು ತಾವು ಮುಡಿಯಲು ತಂದ ಮಾಲೆಯಲ್ಲಿ ಒಂದು ತುಂಡು ದಿನಾ ನನಗೆಂದು ಎತ್ತಿಡುತ್ತಿದ್ದರು.

ಆಮೇಲೆ ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದವಳೊಬ್ಬಳು ಬಂದಳು. ಎದುರಿಗೆ ‘ನೀವು’ ಎನ್ನುತ್ತಿದ್ದೆ, ಮನಸ್ಸಿನೊಳಗೆ ಅವಳೆಂದೂ ‘ಅವಳೇ’. ಬಂದ ವಾರದಲ್ಲೇ ಹೂವಿನ ತುಂಡು ಅವಳ ಮೇಜಿಗೆ ಹೋಯಿತು.

ಗಿಡಗಳು ನೀರು ಕುಡಿಯುವ ಪಾಠ ನಮ್ಮಿಬ್ಬರ ವರ್ಗಕ್ಕೂ ಇತ್ತು. ‘ಬೇರು ನೀರನ್ನು ಹೀರುತ್ತದೆ, ಕಾಂಡ ಅದನ್ನು ಎಲೆಗೆ ಸಾಗಿಸುತ್ತದೆ’ ಎಂದು ನಾನು ಮೂರು ಸಲ ಹೇಳಿಸಿ ಪುಸ್ತಕ ಮುಚ್ಚಿದ್ದೆ. ಅವಳು ದಿನದ ಕೊನೆಯ ಗಂಟೆಯಲ್ಲಿ ಕಿಟಕಿಯಲ್ಲಿ ಗಾಜಿನ ಲೋಟವಿಟ್ಟು, ಕೆಂಪು ಶಾಯಿ ಕಲಸಿದ ನೀರಲ್ಲಿ ಬಿಳಿ ಸೇವಂತಿಗೆ ನಿಲ್ಲಿಸಿದಳು.

“ನಾಳೆ ಸಾಹೇಬ್ರು ತಪಾಸಣಿಗೆ ಬರ್ತಾರ. ಅಷ್ಟರಾಗ ಹೂವು ಕೆಂಪಾಗಿರ್ತೈತಿ. ನೀರು ಹೆಂಗ ಮ್ಯಾಲೆ ಏರ್ತೈತಿ ಅಂತ ಕಣ್ಣಿಲೇ ನೋಡೀರಂತ” ಎಂದಳು ಮಕ್ಕಳಿಗೆ.

ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ನನ್ನದೇ ವರ್ಗದ ಹುಡುಗಿ ನನ್ನತ್ತ ತಿರುಗಿ, “ಅಕ್ಕೋರ, ನಮಗ್ಯಾಕ ಇದನ್ನ ತೋರಿಸಲಿಲ್ರಿ?” ಎಂದು ಕೇಳಿದಳು. ಮೈಯೆಲ್ಲ ಉರಿಯಿತು.

ಸಂಜೆ ಶಾಲೆ ಬಿಟ್ಟ ಮೇಲೆ ಕೀಲಿ ಹಾಕುವುದು ನನ್ನ ಕೆಲಸ. ಎಲ್ಲರೂ ಹೋದ ಮೇಲೆ ಮೇಣಬತ್ತಿ ಹಚ್ಚಿದೆ. ಹೂವನ್ನು ಎತ್ತಿ, ದೇಟಿನ ತುದಿಯನ್ನು ಸೆರಗಿನಿಂದ ಒರೆಸಿ, ಅದಕ್ಕೆ ನಾಲ್ಕು ಹನಿ ಮೇಣ ಬಿಟ್ಟು, ಆರಿದ ಮೇಲೆ ಮತ್ತೆ ಲೋಟದಲ್ಲಿಟ್ಟೆ. ಕೀಲಿ ಹಾಕಿ ಮನೆಗೆ ಹೋಗಿ ಎಂದಿನಂತೆ ಉಂಡು ಮಲಗಿದೆ. ಅದು ನನಗೆ ಇವತ್ತಿಗೂ ಸೋಜಿಗ.

ಮರುದಿನ ಸಾಹೇಬರು ಬಂದಾಗ ಹೂವು ಬೆಳ್ಳಗೇ ಇತ್ತು. ನಾನು ಹಿಂದಿನ ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಅವಳು ಹೂವನ್ನೆತ್ತಿ ಬುಡ ನೋಡಿದಳು. ಆಮೇಲೆ ಮಕ್ಕಳ ಕಡೆ ತಿರುಗಿದಳು.

“ಇಲ್ಲಿ ನೋಡ್ರಿ, ಇದರ ಬಾಯಿ ಮುಚ್ಚೇತಿ. ದೇಟಿನ ಒಳಗ ಕೂದಲಿಗಿಂತ ಸಣ್ಣ ಕೊಳವಿ ಅದಾವ. ಅವು ಕಟ್ಟಿದ್ರ, ತುಂಬಿದ ಲೋಟದಾಗ ನಿಂತ್ರೂ ಹೂವಿಗೆ ನೀರಿಲ್ಲ.”

ಬ್ಲೇಡಿನಿಂದ ಮೇಣದ ತುದಿ ಕತ್ತರಿಸಿ ಹೂವನ್ನು ಮತ್ತೆ ಶಾಯಿಯಲ್ಲಿಟ್ಟಳು. ಸಾಹೇಬರು ಉಳಿದ ವರ್ಗಗಳನ್ನೆಲ್ಲ ನೋಡಿ ಮಧ್ಯಾಹ್ನ ಮರಳುವಷ್ಟರಲ್ಲಿ ದಳಗಳ ತುದಿಯಲ್ಲಿ ಕೆಂಪು ಗೆರೆಗಳು ಮೂಡಿದ್ದವು. “ಮುಚ್ಚಿದ್ದು, ತೆರೆದದ್ದು ಎರಡೂ ತೋರಿಸಿದ್ರಿ. ಹಿಂಗ ಕಲಿಸಬೇಕು” ಎಂದರು ಅವರು. ನನ್ನ ಕಿತಾಪತಿಯೇ ಅವಳಿಗೆ ಹೆಸರು ತಂದುಕೊಟ್ಟಿತ್ತು.

ಊಟದ ಹೊತ್ತಿಗೆ ಅವಳು ನನ್ನ ಪಕ್ಕವೇ ಕುಳಿತು ಬುತ್ತಿ ಬಿಚ್ಚಿದಳು.

“ಅಕ್ಕೋರ, ಯಾರು ಮಾಡಿದ್ರು ಅಂತ ನಾ ಕೇಳೂದಿಲ್ರಿ. ಕೀಲಿಕೈ ಯಾರ ಹಂತ್ಯಾಕ ಇರ್ತೈತಿ ಅಂತ ನನಗ ಗೊತ್ತೈತಿ” ಎಂದಳು. ಅಷ್ಟು ಹೇಳಿ ನನ್ನ ರೊಟ್ಟಿಯ ಮೇಲೆ ಅಗಸಿ ಚಟ್ನಿ ಹಾಕಿದಳು.

ಬೈದಿದ್ದರೆ ಜಗಳಾಡಿ ಹಗುರಾಗುತ್ತಿದ್ದೆ. ಅವಳು ಅದಕ್ಕೂ ಎಡೆ ಕೊಡಲಿಲ್ಲ. ಆ ದಿನದಿಂದ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು.

ಏಕೀಕರಣವಾದ ವರ್ಷ ಅವಳಿಗೆ ಮುಂಡರಗಿಗೆ ವರ್ಗವಾಯಿತು. ಬಸ್ಸಿನ ಹತ್ತಿರ ಹುಡುಗಿಯರು ಅಳುತ್ತಿದ್ದರು. ‘ತಪ್ಪಾತ್ರಿ’ ಎಂಬ ಮಾತು ನನ್ನ ಬಾಯಿಯ ತನಕ ಬಂತು, ಆಡಲಿಲ್ಲ. ಬಸ್ಸು ಹೊರಟಾಗ ನಿರಾಳವೆನಿಸಿತು, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅವಳು ಕಲಿಸುತ್ತಿದ್ದ ವರ್ಗ ನನಗೆ ಬಂತು. ಮುಂದಿನ ಪಾಠ ರಕ್ತ ಹರಿಯುವುದು. ಈ ಸಲ ಪುಸ್ತಕ ಬದಿಗಿಟ್ಟೆ. ಹುಡುಗಿಯರಿಗೆ ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು ನಾಡಿ ನೋಡಲು ಹೇಳಿ, ಬೇವಿನ ಮರ ಸುತ್ತಿ ಓಡಿಸಿ, ಮತ್ತೆ ಹಿಡಿಸಿದೆ.

“ಅಕ್ಕೋರ, ಈಗ ಭಾಳ ಜಲ್ದಿ ಬಡಿಯಾಕ ಹತ್ತೇತ್ರಿ” ಎಂದಳು ಒಬ್ಬಳು ಏದುಸಿರು ಬಿಡುತ್ತ.

“ಓಡೋ ಕಾಲಿಗೆ ರಕ್ತ ಹೆಚ್ಚು ಬೇಕು. ಅದನ್ನ ಕಳಸಾಕ ಗುಂಡಿಗಿ ಅವಸರ ಮಾಡ್ತೈತಿ” ಎಂದೆ. ಹೇಳುತ್ತ ನನಗೇ ಹೆಮ್ಮೆಯೆನಿಸಿತು.

ಅಷ್ಟರಲ್ಲಿ ಹಿಂದಿನ ಸಾಲಿನವಳೊಬ್ಬಳು, “ಆ ಅಕ್ಕೋರಾಗಿದ್ರ ಗುಂಡಿಗಿ ಚಿತ್ರಾನೂ ತಗೀತಿದ್ರು” ಎಂದಳು.

ನಾನು ಬಳಪ ತೆಗೆದುಕೊಂಡು ಹಲಗೆಯ ಕಡೆ ತಿರುಗಿದೆ. ಗುಂಡಿಗೆ ಹೋಗಿ ಬದನೆಕಾಯಿಯಾಯಿತು. ಹುಡುಗಿಯರು ನಕ್ಕರು, ನಾನೂ ನಕ್ಕು, ಅಳಿಸಿ, ಇನ್ನೊಂದು ತೆಗೆಯತೊಡಗಿದೆ.