ಕೃಷ್ಣರಾಜರ ಮಡಿಬಟ್ಟೆ

ಚೆನ್ನೈ ಪೋರೂರಿನ ಆ ಸಸ್ಯಾಹಾರಿ ಹೋಟೆಲಿನ ರುಬ್ಬುವ ಕೋಣೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗಲು ಮಾಲೀಕ ಸುಶಮೀಂದ್ರರಿಗೇ ಧೈರ್ಯವಿರಲಿಲ್ಲ. ಅದು ಅಡುಗೆಭಟ್ಟರಾದ ಕೃಷ್ಣರಾಜರ ರಾಜ್ಯ. ಕುಂದಾಪುರದ ಕಡೆಯಿಂದ ಬಂದು ಮೂವತ್ತೊಂದು ವರ್ಷವಾದರೂ, ತಲೆಗೆ ತಣ್ಣೀರು ಸುರಿದುಕೊಳ್ಳದೆ ಅವರು ಹಿಟ್ಟು ಮುಟ್ಟಿದವರಲ್ಲ. ಚೆನ್ನೈಯ ಮೇ ತಿಂಗಳಲ್ಲಿ ಅದೇನೂ ದೊಡ್ಡ ತಪಸ್ಸಲ್ಲ ಬಿಡಿ. ಆದರೆ ಡಿಸೆಂಬರಿನ ಮಳೆಯಲ್ಲೂ ಅವರು ತಪ್ಪಿಸಿರಲಿಲ್ಲ.

ಗೋಡೆಯ ಮೊಳೆಯಲ್ಲಿ ಅವರದೊಂದು ಮಡಿಬಟ್ಟೆ, ಹಳೆಯ ಪಂಚೆಯ ತುಂಡು. ಮಧ್ಯಾಹ್ನ ಪಾತ್ರೆ ತೊಳೆಯುವ ನಾಗಮಣಿ ಚಟ್ನಿ ರುಬ್ಬುವ ಯಂತ್ರವನ್ನು ಉಜ್ಜಿ, ಕುದಿಯುವ ನೀರು ಹೊಯ್ದು ಹೋಗುತ್ತಿದ್ದಳು. ಆಮೇಲೆ ಕೃಷ್ಣರಾಜರು ಆ ಬಟ್ಟೆಯನ್ನು ನೀರಲ್ಲಿ ಜಾಲಿಸಿ, ಹಿಂಡಿ, ಯಂತ್ರದ ಒಳಗೂ ಹೊರಗೂ ಒರೆಸಿ, ಅದನ್ನೇ ಯಂತ್ರದ ಬಾಯಿಗೆ ಹೊದಿಸುತ್ತಿದ್ದರು. ಅವಳ ಕೈ ತಾಗಿದ ಮೈಲಿಗೆ ಕಳೆಯಬೇಕಲ್ಲ! ಅಲ್ಲಿಂದ ಮರುದಿನ ಬೆಳಗಿನವರೆಗೆ ಯಂತ್ರವನ್ನಾಗಲಿ ಬಟ್ಟೆಯನ್ನಾಗಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಆ ವರ್ಷ ಹತ್ತಿರದ ಆಸ್ಪತ್ರೆಯ ಕ್ಯಾಂಟೀನಿಗೆ ಇಲ್ಲಿಂದ ಚಟ್ನಿ ಹೋಗತೊಡಗಿತ್ತು. ಎರಡು ಸಲ ಅದು ಬೆಳಗ್ಗೆ ಹತ್ತು ಗಂಟೆಯೊಳಗೇ ಹಳಸಿ ವಾಪಸು ಬಂತು. ಕಾಯಿಲೆಯವರು ತಿನ್ನುವ ಪದಾರ್ಥ, ಮೂರನೆಯ ಸಲ ಹೀಗಾಗಬಾರದು ಎಂದು ಕ್ಯಾಂಟೀನಿನವರು ಎಚ್ಚರಿಸಿದರು. ಆಗ ಸುಶಮೀಂದ್ರರ ಮಗಳು ಅಶ್ವಿತಾ ಬಂದಳು. ಆಹಾರ ವಿಜ್ಞಾನ ಓದಿದವಳು. ಅವಳು ಹತ್ತಿ ಸುತ್ತಿದ ಕಡ್ಡಿಯಿಂದ ಯಂತ್ರವನ್ನು ಒರೆಸಿ, ಕಡ್ಡಿಯನ್ನು ಅಂಗೈಯಗಲದ ಮೀಟರಿಗೆ ಸೇರಿಸಿದರೆ ಎಷ್ಟು ಕೊಳೆಯಿದೆಯೆಂದು ಅಂಕಿ ಬರುತ್ತಿತ್ತು. ಕನ್ನಡಿಯಂತೆ ಹೊಳೆಯುತ್ತಿದ್ದ ಯಂತ್ರ ಮೇಲೆ ಬಸಪ್ಪ, ಒಳಗೆ ವಿಷಪ್ಪ. ಮೂವತ್ತರೊಳಗೆ ಇರಬೇಕಾದ ಅಂಕಿ ನಾನೂರು ದಾಟಿತು.

ಯಂತ್ರದೊಳಗಿನ ರಬ್ಬರಿನ ಉಂಗುರ ಕಳಚಿದಾಗ ಅಡಿಯಲ್ಲಿ ತೆಳ್ಳಗೆ ಲೋಳೆ ಸಿಕ್ಕಿತು. ಕೃಷ್ಣರಾಜರೂ ಬೆರಳಿಂದ ಮುಟ್ಟಿ ನೋಡಿದರು. ಸೂಕ್ಷ್ಮಜೀವಿಗಳು ಒದ್ದೆ ಜಾಗದಲ್ಲಿ ಅಂಟಿಕೊಂಡು, ಒಟ್ಟಾಗಿ ತಲೆಯ ಮೇಲೆ ಇಂಥ ಲೋಳೆಯ ಸೂರು ಹಾಕಿಕೊಳ್ಳುತ್ತವೆ, ಸೂರಿನಡಿ ಕೂತವಕ್ಕೆ ಔಷಧಿಯ ನೀರೂ ತಾಗುವುದಿಲ್ಲ ಎಂದು ಅಶ್ವಿತಾ ವಿವರಿಸಿದಳು. ಉಂಗುರ ಹೊಸದಾಯಿತು, ಬ್ರಷ್ ಬಂತು. ನಾಗಮಣಿ ತೋಳು ನೋಯುವಷ್ಟು ತಿಕ್ಕಿದಳು. ಮೂರು ದಿನ ಬಿಟ್ಟು ಬೆಳಗ್ಗೆ ನೋಡಿದರೆ ಮತ್ತೆ ಇನ್ನೂರರ ಮೇಲೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹೋಟೆಲಿನಲ್ಲೂ ಇದ್ದದ್ದೇ. ತೊಳೆಯುವವಳು ಸರಿಯಿಲ್ಲ, ಸೋಮವಾರದಿಂದ ಬೇರೆಯವರನ್ನು ಹಾಕುತ್ತೇನೆ ಎಂದರು ಸುಶಮೀಂದ್ರರು. ಕೃಷ್ಣರಾಜರನ್ನು ಯಾರೂ ಅನುಮಾನಿಸಲಿಲ್ಲ. ಮಡಿಯ ಭಟ್ಟರನ್ನು ಯಾರು ತಾನೇ ಅನುಮಾನಿಸುತ್ತಾರೆ? ಮೂಲೆಯಲ್ಲಿ ನಿಂತಿದ್ದ ನಾಗಮಣಿ ತನ್ನ ಬಿರಿದ ಅಂಗೈ ನೋಡಿಕೊಂಡಳು. ಒಂಬತ್ತು ವರ್ಷ ಅದೇ ತೊಟ್ಟಿಯ ಮುಂದೆ ನಿಂತವಳು ಅವಳು.

ಶನಿವಾರ ಬೆಳಗ್ಗೆ ಕೃಷ್ಣರಾಜರು ಯಂತ್ರದ ಮೇಲಿನ ಬಟ್ಟೆ ತೆಗೆದರು. ಹೆಬ್ಬೆರಳು ತೋರುಬೆರಳಿನ ನಡುವೆ ಅದು ಸಣ್ಣಗೆ ಜಾರಿತು. ಉಂಗುರದ ಅಡಿಯಲ್ಲಿ ಸಿಕ್ಕ ಅದೇ ಜಾರು. ಮೂಸಿ ನೋಡಿದರು. ಹಳಸಿದ ವಾಸನೆ. ಮೂವತ್ತೊಂದು ವರ್ಷದಲ್ಲಿ ಆ ಮೊಳೆಯ ಮೇಲಿನ ಬಟ್ಟೆ ಪೂರ್ತಿ ಒಣಗಿದ್ದೇ ಇಲ್ಲ. ಒದ್ದೆಯಿದ್ದರೇ ಮಡಿ ಎಂದು ಅವರು ನಂಬಿದ್ದರು.

ಕಸದ ಬುಟ್ಟಿ ಎರಡೇ ಹೆಜ್ಜೆ ದೂರದಲ್ಲಿತ್ತು. ಬಟ್ಟೆಯನ್ನು ಅದಕ್ಕೆ ಹಾಕಿದ್ದರೆ ಮುಂದಿನ ಅಂಕಿ ತಾನಾಗಿಯೇ ಇಳಿಯುತ್ತಿತ್ತು. ಹೊಸ ಕೆಲಸದವಳು ಬಂದದ್ದರಿಂದ ಸರಿಹೋಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಭಟ್ಟರ ಮರ್ಯಾದೆ ಭಟ್ಟರಿಗೇ ಉಳಿಯುತ್ತಿತ್ತು. ಸುಳ್ಳೇಕೆ, ಅವರು ಒಂದು ಹೆಜ್ಜೆ ಇಟ್ಟರು ಕೂಡ. ಆಚೆ ತೊಟ್ಟಿಯಲ್ಲಿ ನಾಗಮಣಿ ಪಾತ್ರೆ ಉಜ್ಜುವ ಸದ್ದು ಕೇಳುತ್ತಿತ್ತು. ಕೃಷ್ಣರಾಜರು ಬುಟ್ಟಿಯನ್ನು ದಾಟಿ ನೇರ ಅಶ್ವಿತಾಳ ಬಳಿಗೆ ಹೋಗಿ ಬಟ್ಟೆ ಚಾಚಿದರು.

ಅವಳು ಕೈ ಹಿಂದೆಳೆದುಕೊಂಡಳು. ಚಿಕ್ಕಂದಿನಲ್ಲಿ ಇಂಥದೇ ಮಡಿಬಟ್ಟೆ ಎಳೆದು ಬೈಸಿಕೊಂಡದ್ದು ಅವಳಿಗೆ ಮರೆತಿರಲಿಲ್ಲ.

"ಮಾಮಾ, ನಾನು ಮುಟ್ಟಲಾಮಾ?" ಎಂದಳು, ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ.

"ಮುಟ್ಟ್ ಮಗಾ. ನಿನ್ ಮೀಟ್ರಲ್ಲಿ ಒಂದ್ಸಲ ಕಾಣ್."

ಅಂಕಿ ಎರಡು ಸಾವಿರ ದಾಟಿತು. ನಾಗಮಣಿ ಕಳೆದ ಕೊಳೆಯನ್ನೆಲ್ಲ ದಿನವೂ ತಾವೇ ಕೈಯಾರೆ ಮರಳಿ ಬಳಿಯುತ್ತಿದ್ದುದು ಕೃಷ್ಣರಾಜರಿಗೆ ಅರ್ಥವಾಯಿತು. ಅವರ ಕಣ್ಣು ತುಂಬಿತು. ಮರೆಮಾಚಲು ಹೋಗಲಿಲ್ಲ. ಅವರೇ ಸುಶಮೀಂದ್ರರನ್ನು ಕರೆದು, ತಪ್ಪು ತನ್ನ ಬಟ್ಟೆಯದು, ಹೆಂಗಸನ್ನು ಬಿಡಿಸುವುದಾದರೆ ಮೊದಲು ತನ್ನನ್ನು ಬಿಡಿಸಿ ಎಂದರು. ಸುಶಮೀಂದ್ರರು ಇಬ್ಬರನ್ನೂ ಬಿಡಿಸಲಿಲ್ಲ.

ಆ ಮಧ್ಯಾಹ್ನ ನಾಗಮಣಿ ಯಂತ್ರ ತಿಕ್ಕಿ, ಕುದಿನೀರು ಹೊಯ್ದು, ವಾಡಿಕೆಯಂತೆ ಬಾಗಿಲಾಚೆ ಸರಿದು ನಿಂತಳು. ಭಟ್ಟರು ಬಂದು ಒರೆಸಬೇಕಲ್ಲ. ಕೃಷ್ಣರಾಜರು ಬರಿಗೈಯಲ್ಲಿ ಬಂದರು. ಯಂತ್ರದ ಬಾಯಿ ತೆರೆದೇ ಇತ್ತು, ಮೇಲಿನ ಫ್ಯಾನಿನ ಗಾಳಿಗೆ ಅದು ಮೆಲ್ಲಗೆ ಒಣಗುತ್ತಿತ್ತು. ಅವರು ಖಾಲಿ ಮೊಳೆಯ ಕಡೆ ನೋಡಿದರು, ಆಮೇಲೆ ಅವಳ ಕಡೆ.

"ನೀನ್ ತೊಳ್ದ್ ಮೇಲೆ ಇನ್ನ್ ನಾನ್ ಮುಟ್ಟೂದಿಲ್ಲ, ನಾಗಮಣಿ," ಎಂದರು.